ಮತ ಇಲ್ಲದ ಮಗಳಿಗೂ ಸೆನೇಟರ್ ಇದ್ದಾರೆಯೇ?

ಪ್ರಶ್ನೆ: ನನ್ನ ಮಗಳು ಹನ್ನೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾಳೆ. ಅವಳೂ ಅಳಿಯನೂ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದು, ಗ್ರೀನ್ ಕಾರ್ಡಿಗಾಗಿ ಕಾಯುತ್ತಿದ್ದಾರೆ. ಒಂಬತ್ತು ವರ್ಷದ ಮೊಮ್ಮಗ ಅಲ್ಲೇ ಹುಟ್ಟಿದವನು. ಮೊನ್ನೆ ಮಗಳು ಫೋನಿನಲ್ಲಿ ‘ನಮ್ಮ ಸ್ಟೇಟ್ ಸೆನೇಟರ್ ಕರೆದಿದ್ದ ಸಭೆಗೆ ಹೋಗಿದ್ದೆ’ ಎಂದಳು. ಮತವೇ ಇಲ್ಲದವಳಿಗೆ ‘ನಮ್ಮ’ ಸೆನೇಟರ್ ಹೇಗಾಗುತ್ತಾರೆ? ಟಿವಿ ಸುದ್ದಿಯಲ್ಲಿ ಬರುವ ಸೆನೇಟೇ ಇದು? ನಮ್ಮ ವಿಧಾನ ಪರಿಷತ್ತಿನಂಥದೇ? ಹಿಂದಿನ ಸಲ ಕೊನೆಯ ಸುತ್ತಿನಲ್ಲಿ ಒಂದೇ ಪಕ್ಷದ ಇಬ್ಬರು ಎದುರುಬದುರಾಗಿದ್ದರಂತೆ, ಅದು ಹೇಗೆ ಸಾಧ್ಯ? ದಯವಿಟ್ಟು ಬಿಡಿಸಿ ಹೇಳಿ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ನಿಮ್ಮ ಮಗಳು ಆಡಿದ ಮಾತಿನಲ್ಲಿ ತಪ್ಪಿಲ್ಲ. ಅವರು ‘ನಮ್ಮ ಸೆನೇಟರ್’ ಎಂದದ್ದು ಅಭ್ಯಾಸಬಲದಿಂದ ಇರಬಹುದು, ಆದರೆ ಆ ಮಾತಿನ ಹಿಂದೆ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ನನಗೆ ನಿಮ್ಮ ಪ್ರಶ್ನೆ ಬಹಳ ಹಿಡಿಸಿತು. ಮತದಾರ ಯಾರು ಎಂದು ಎಲ್ಲರೂ ಕೇಳುತ್ತಾರೆ. ಪ್ರತಿನಿಧಿ ಯಾರಿಗೆ ಸೇರಿದವನು ಎಂದು ಕೇಳುವವರು ಅಪರೂಪ.

ಮೊದಲು ಎರಡು ಸೆನೇಟುಗಳನ್ನು ಬೇರೆಬೇರೆ ಇಟ್ಟುಕೊಳ್ಳೋಣ. ನೀವು ಟಿವಿಯಲ್ಲಿ ನೋಡುವುದು ವಾಷಿಂಗ್ಟನ್‌ನಲ್ಲಿರುವ ದೇಶದ ಸೆನೇಟ್. ಅಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೆ ಇಬ್ಬರಂತೆ 100 ಸದಸ್ಯರು. ನಿಮ್ಮ ಮಗಳು ಹೇಳಿದ್ದು ಸ್ಯಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾ ರಾಜ್ಯದ ಮೇಲ್ಮನೆ. ಅಮೆರಿಕದ 50 ರಾಜ್ಯಗಳಲ್ಲಿ ನೆಬ್ರಾಸ್ಕ ಒಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಎರಡೆರಡು ಮನೆಗಳಿವೆ. ಕ್ಯಾಲಿಫೋರ್ನಿಯಾದ ಮೇಲ್ಮನೆಯಲ್ಲಿ 40 ಜನ, ಕೆಳಮನೆಯಾದ ಅಸೆಂಬ್ಲಿಯಲ್ಲಿ 80 ಜನ.

ನಮ್ಮ ವಿಧಾನ ಪರಿಷತ್ತಿಗೂ ಇದಕ್ಕೂ ಹೆಸರಿನ ಮಟ್ಟಿಗೆ ಮಾತ್ರ ಹೋಲಿಕೆ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 25ಕ್ಕೆ ಶಾಸಕರು ಮತ ಹಾಕುತ್ತಾರೆ, 25ಕ್ಕೆ ಪಂಚಾಯಿತಿ, ನಗರಸಭೆಗಳ ಸದಸ್ಯರು. ಏಳೇಳು ಸ್ಥಾನ ಪದವೀಧರರಿಗೂ ಶಿಕ್ಷಕರಿಗೂ ಮೀಸಲು, ಉಳಿದ 11 ನಾಮಕರಣ. ಪದವಿ ಪಡೆದು ಪಟ್ಟಿಗೆ ಹೆಸರು ಸೇರಿಸಿರದಿದ್ದರೆ ನಿಮ್ಮ ನನ್ನಂಥವರಿಗೆ ಅಲ್ಲಿ ನೇರ ಮತವಿಲ್ಲ. ವಿಧಾನಸಭೆ ಒಪ್ಪಿದ ಮಸೂದೆಯನ್ನು ಪರಿಷತ್ತು ಕೆಲವು ತಿಂಗಳು ತಡೆಹಿಡಿಯಬಲ್ಲದೇ ಹೊರತು ಕೊಲ್ಲಲಾರದು. ಸ್ಯಾಕ್ರಮೆಂಟೊದ ಸೆನೇಟ್ ಹಾಗಲ್ಲ. ಅದರ ಪ್ರತಿ ಸದಸ್ಯರನ್ನೂ ಕ್ಷೇತ್ರದ ಜನರೇ ನೇರವಾಗಿ ಆರಿಸುತ್ತಾರೆ. ಅದು ಒಪ್ಪದಿದ್ದರೆ ಮಸೂದೆ ಅಲ್ಲಿಗೇ ಮುಗಿಯಿತು. ಕಾಯ್ದೆಯ ವಿಷಯದಲ್ಲಿ ಎರಡೂ ಮನೆಗಳಿಗೆ ಸರಿಸಮಾನ ಬಲ.

ಇನ್ನು ಗಾತ್ರ. 2020ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಜನಸಂಖ್ಯೆ 3.95 ಕೋಟಿ. 40ರಿಂದ ಭಾಗಿಸಿದರೆ ಒಬ್ಬ ಸೆನೇಟರ್‌ಗೆ ಸುಮಾರು 9.88 ಲಕ್ಷ ಜನ. ನಮ್ಮ ವಿಧಾನಸಭೆಯ 224 ಕ್ಷೇತ್ರಗಳನ್ನು 2011ರ ಜನಗಣತಿಗೆ ಹಚ್ಚಿದರೆ ಸರಾಸರಿ 2.73 ಲಕ್ಷ. ಅಂದರೆ ನಿಮ್ಮ ಮಗಳ ಸೆನೇಟರ್ ನಮ್ಮ ಮೂರೂವರೆ ಎಂಎಲ್‌ಎಗಳಷ್ಟು ಜನರನ್ನು ಒಬ್ಬರೇ ಹೊತ್ತಿದ್ದಾರೆ. ಇನ್ನೊಂದು ವಿಚಿತ್ರವೂ ಇದೆ. ವಾಷಿಂಗ್ಟನ್ನಿನ ಕೆಳಮನೆಗೆ ಕ್ಯಾಲಿಫೋರ್ನಿಯಾ ಕಳಿಸುವ 52 ಸದಸ್ಯರಿಗೆ ತಲಾ 7.6 ಲಕ್ಷ ಜನ. ನಮ್ಮ ಲೆಕ್ಕದಲ್ಲಿ ಎಂಪಿಯ ಕ್ಷೇತ್ರಕ್ಕಿಂತ ಎಂಎಲ್‌ಸಿಯ ಕ್ಷೇತ್ರ ದೊಡ್ಡದಾದ ಹಾಗೆ!

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಆ 9.88 ಲಕ್ಷದಲ್ಲಿ ಯಾರು ಯಾರು ಸೇರಿದ್ದಾರೆ?

ಎಲ್ಲರೂ ಸೇರಿದ್ದಾರೆ. ಜನಗಣತಿಯ ದಿನ ಆ ಮನೆಯಲ್ಲಿ ವಾಸವಿದ್ದ ಪ್ರತಿ ತಲೆ. ಪೌರರು, ಗ್ರೀನ್ ಕಾರ್ಡಿನವರು, ಎಚ್-1ಬಿಯವರು, ಯಾವ ಕಾಗದವೂ ಇಲ್ಲದವರು, ತೊಟ್ಟಿಲ ಮಗು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಾಜ್ಯದ ಸೆರೆಮನೆಯಲ್ಲಿರುವವರನ್ನು ಸೆರೆಮನೆಯ ಊರಿನ ಲೆಕ್ಕಕ್ಕೆ ಹಾಕದೆ ಅವರ ಹಿಂದಿನ ಮನೆಯ ವಿಳಾಸಕ್ಕೆ ಹಾಕಿ ಕ್ಷೇತ್ರ ವಿಂಗಡಿಸಿದ್ದಾರೆ. 2020ರ ಎಣಿಕೆಯಲ್ಲಿ ನಿಮ್ಮ ಮಗಳ ಮನೆಯಿಂದ ಮೂರು ತಲೆ ಬರೆಸಿದ್ದರೆ, ಫ್ರೀಮಾಂಟ್ ಸೇರಿರುವ 10ನೇ ಸೆನೇಟ್ ಕ್ಷೇತ್ರದ ಗಡಿ ಎಳೆಯುವಾಗ ಆ ಮೂರು ತಲೆಗೂ ಬೆಲೆ ಸಂದಿದೆ.

ಇದನ್ನು ಪ್ರಶ್ನಿಸಿದವರೂ ಉಂಟು. ಟೆಕ್ಸಸ್ ರಾಜ್ಯದ ಸೆನೇಟಿಗೆ 31 ಕ್ಷೇತ್ರ. ಅಲ್ಲಿಯ ಸೂ ಎವನ್‌ವೆಲ್ ಮತ್ತು ಎಡ್ವರ್ಡ್ ಫೆನಿಂಗರ್ ಎಂಬ ಇಬ್ಬರು ಮತದಾರರು ಕೋರ್ಟಿಗೆ ಹೋದರು. ‘ನಮ್ಮ ಕ್ಷೇತ್ರದಲ್ಲಿ ಮತದಾರರೇ ತುಂಬಿದ್ದಾರೆ. ಪಕ್ಕದಲ್ಲಿ ಮಕ್ಕಳು, ಪೌರರಲ್ಲದವರು ಹೆಚ್ಚು. ತಲೆ ಎಣಿಸಿ ಕ್ಷೇತ್ರ ಮಾಡಿದ್ದರಿಂದ ಅಲ್ಲಿಯ ಒಬ್ಬ ಮತದಾರನ ಮತಕ್ಕೆ ನಮ್ಮ ಮತಕ್ಕಿಂತ ತೂಕ ಹೆಚ್ಚಾಗಿದೆ. ಮತದಾರರನ್ನು ಮಾತ್ರ ಎಣಿಸಿ’ ಎಂಬುದು ಅವರ ವಾದದ ಸಾರ. ಲೆಕ್ಕ ಸುಳ್ಳಲ್ಲ. ಮತದಾರರ ಸಂಖ್ಯೆಯಲ್ಲಿ ಕ್ಷೇತ್ರ ಕ್ಷೇತ್ರಕ್ಕೂ ಶೇ 40ಕ್ಕೂ ಮಿಕ್ಕಿದ ಅಂತರವಿತ್ತು. ಆದರೂ 2016ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಮೂರ್ತಿಗಳು ಅವರ ಬೇಡಿಕೆಯನ್ನು ತಳ್ಳಿಹಾಕಿದರು. ತೀರ್ಪು ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್. ಆರಿಸಿ ಬಂದವರು ಮತ ಹಾಕಿದವರಿಗಷ್ಟೇ ಅಲ್ಲ, ಅಲ್ಲಿ ವಾಸಿಸುವ ಎಲ್ಲರಿಗೂ ಪ್ರತಿನಿಧಿ ಎಂಬುದು ಅದರ ತಿರುಳು. ಶಾಲೆ ಚೆನ್ನಾಗಿ ನಡೆಯಬೇಕು ಎಂಬುದರಲ್ಲಿ ಮತವಿಲ್ಲದ ಮಗುವಿಗೂ ಪಾಲಿದೆಯಲ್ಲ! ಆ ತೀರ್ಪು ಒಂದು ಬಾಗಿಲನ್ನು ಮಾತ್ರ ಮುಚ್ಚದೆ ಬಿಟ್ಟಿದೆ. ಯಾವುದಾದರೂ ರಾಜ್ಯ ತಾನಾಗಿಯೇ ಮತದಾರರನ್ನಷ್ಟೇ ಎಣಿಸಲು ಹೊರಟರೆ ಅದು ಸರಿಯೇ ತಪ್ಪೇ ಎಂದು ಕೋರ್ಟ್ ಹೇಳಲಿಲ್ಲ. 2020ರ ಜನಗಣತಿಯಲ್ಲಿ ‘ನೀವು ಪೌರರೇ?’ ಎಂಬ ಪ್ರಶ್ನೆ ಸೇರಿಸಲು ಅಂದಿನ ಸರ್ಕಾರ ಹೊರಟಾಗ ಅಷ್ಟೊಂದು ಗಲಾಟೆಯಾದದ್ದಕ್ಕೆ ಇದೂ ಒಂದು ಕಾರಣ. 2019ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಶ್ನೆಗೆ ತಡೆ ಹಾಕಿತು.

ಕ್ಷೇತ್ರಗಳು ಸರಿಸಮ ಇರಬೇಕೆಂಬ ಈ ನಿಯಮ ಅಮೆರಿಕದಲ್ಲಿ ಹಳೆಯದೇನಲ್ಲ. 1960ರ ದಶಕದವರೆಗೆ ಕ್ಯಾಲಿಫೋರ್ನಿಯಾದ ಸೆನೇಟಿನಲ್ಲಿ ಯಾವ ಕೌಂಟಿಗೂ ಒಂದಕ್ಕಿಂತ ಹೆಚ್ಚು ಸ್ಥಾನವಿರಲಿಲ್ಲ. (ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ.) ಪರಿಣಾಮ ನೋಡಿ: 60 ಲಕ್ಷ ಜನರಿದ್ದ ಲಾಸ್ ಏಂಜಲೀಸ್‌ಗೆ ಒಬ್ಬ ಸೆನೇಟರ್. ಸಿಯೆರಾ ಬೆಟ್ಟಸಾಲಿನ ಮೂರು ಕೌಂಟಿಗಳು ಸೇರಿ 14 ಸಾವಿರ ಚಿಲ್ಲರೆ ಜನ, ಅವರಿಗೂ ಒಬ್ಬ ಸೆನೇಟರ್. ನಾನೂರು ಪಟ್ಟಿಗೂ ಮಿಕ್ಕಿದ ಅಂತರ. 1948ರಲ್ಲಿ ಈ ಪದ್ಧತಿ ಬದಲಿಸುವ ಪ್ರಯತ್ನ ನಡೆದಾಗ ಬೇಡವೆಂದವರಲ್ಲಿ ಅಂದಿನ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಅರ್ಲ್ ವಾರನ್ ಒಬ್ಬರು. ಅದೇ ವಾರನ್ ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದರು. 1964ರಲ್ಲಿ ಅಲಬಾಮ ರಾಜ್ಯದಿಂದ ಬಂದ ರೆನಲ್ಡ್ಸ್ ಮತ್ತು ಸಿಮ್ಸ್ ಮೊಕದ್ದಮೆಯಲ್ಲಿ, ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂದು ತೀರ್ಪು ಬರೆದರು. ತರಗತಿಯಲ್ಲಿ ಈ ಭಾಗ ಬಂದಾಗಲೆಲ್ಲ ನಾನು ಒಂದು ನಿಮಿಷ ನಿಲ್ಲುತ್ತಿದ್ದೆ. ತಾನು ಹಿಂದೆ ನಿಂತಿದ್ದ ಕಡೆಯನ್ನು ಬಿಟ್ಟು ಇನ್ನೊಂದು ಕಡೆಗೆ ಬರಲು ದೊಡ್ಡ ಮನಸ್ಸು ಬೇಕು. 1966ರ ಚುನಾವಣೆಯ ಹೊತ್ತಿಗೆ ಲಾಸ್ ಏಂಜಲೀಸ್ ಕೌಂಟಿಗೆ ಹತ್ತಕ್ಕೂ ಹೆಚ್ಚು ಸೆನೇಟ್ ಸ್ಥಾನಗಳು ಬಂದವು.

ನಮ್ಮಲ್ಲೂ ಕ್ಷೇತ್ರ ಮಾಡುವುದು ತಲೆ ಎಣಿಸಿಯೇ, ಮತದಾರರನ್ನು ಎಣಿಸಿ ಅಲ್ಲ. ಆದರೆ ಎಣಿಕೆ ಹಳೆಯದು. ನಮ್ಮ ವಿಧಾನಸಭಾ ಕ್ಷೇತ್ರಗಳ ಗಡಿ ನಿಂತಿರುವುದು 2001ರ ಜನಗಣತಿಯ ಮೇಲೆ. ಅದಾದ ಮೇಲೆ ಬೆಂಗಳೂರು ಬೆಳೆದದ್ದು ನಿಮಗೆ ಗೊತ್ತು. ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಮತದಾರರೇ ಆರು ಲಕ್ಷ ದಾಟಿದ್ದಾರೆ, ನಿಮ್ಮ ಪಕ್ಕದ ಶೃಂಗೇರಿಯಲ್ಲಿ ಎರಡು ಲಕ್ಷವೂ ಇಲ್ಲ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಗಡಿ ಬದಲಿಸಲೇಬೇಕು.

ಆ ಗಡಿ ಎಳೆಯುವವರು ಯಾರು? ಬಹುತೇಕ ಅಮೆರಿಕನ್ ರಾಜ್ಯಗಳಲ್ಲಿ ಶಾಸಕರೇ ಎಳೆದುಕೊಳ್ಳುತ್ತಾರೆ. ಅದರಿಂದಾಗುವ ಅನಾಹುತಕ್ಕೆ ‘ಜೆರಿಮ್ಯಾಂಡರ್’ ಎಂಬ ಹೆಸರು ಬಿದ್ದದ್ದೂ ಒಂದು ರಾಜ್ಯ ಸೆನೇಟ್ ಕ್ಷೇತ್ರದಿಂದಲೇ. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಹಲ್ಲಿಯನ್ನು ಹೋಲುವ ಸಾಲಮ್ಯಾಂಡರ್ ಪ್ರಾಣಿಯಂತೆ ಡೊಂಕಾಗಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಪ್ರಕಟಿಸಿತು. ಗೆರಿಯ ಹೆಸರಿಗೆ ಆ ಪ್ರಾಣಿಯ ಬಾಲ ಅಂಟಿಕೊಂಡಿತು.

ಕ್ಯಾಲಿಫೋರ್ನಿಯಾದ ಜನ 2008ರಲ್ಲಿ ಮತ ಹಾಕಿ ಈ ಕೆಲಸವನ್ನು ಶಾಸಕರ ಕೈಯಿಂದ ಕಿತ್ತುಕೊಂಡರು. ಈಗ ಅದನ್ನು ಮಾಡುವುದು 14 ಜನ ಸಾಮಾನ್ಯ ಪೌರರ ಆಯೋಗ: ಐವರು ಡೆಮಾಕ್ರಟಿಕ್, ಐವರು ರಿಪಬ್ಲಿಕನ್, ನಾಲ್ವರು ಎರಡೂ ಅಲ್ಲದವರು. ಅರ್ಜಿ ಹಾಕಿದವರನ್ನು ಜರಡಿ ಹಿಡಿದು, ಮೊದಲ ಎಂಟು ಜನರನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಉಳಿದ ಆರು ಜನರನ್ನು ಆ ಎಂಟು ಜನ ಸೇರಿಸಿಕೊಳ್ಳುತ್ತಾರೆ. ನಕ್ಷೆ ಪಾಸಾಗಲು ಮೂರೂ ಗುಂಪಿನಿಂದ ತಲಾ ಮೂರು ಮತ ಬೇಕೇಬೇಕು. ಹಾಲಿ ಶಾಸಕರ ಮನೆ ಎಲ್ಲಿದೆ ಎಂದು ನೋಡುವಂತಿಲ್ಲ. ಒಂದೇ ಬಗೆಯ ಬದುಕಿನ ಜನವಸತಿಯನ್ನು ಆದಷ್ಟೂ ಒಡೆಯಬಾರದು, ಮತ್ತು ‘ನಮ್ಮ ಊರು ಹೀಗಿದೆ, ಒಡೆಯಬೇಡಿ’ ಎಂದು ಯಾರು ಬೇಕಾದರೂ ಆಯೋಗದ ಮುಂದೆ ಹೇಳಿಕೊಳ್ಳಬಹುದು. ಈಗಿನ ಗಡಿಗಳು 2021ರ ಡಿಸೆಂಬರಿನವು. 2025ರ ನವೆಂಬರಿನಲ್ಲಿ ಜನಮತಕ್ಕೆ ಹೋಗಿ ಬದಲಾದದ್ದು ವಾಷಿಂಗ್ಟನ್ನಿನ ಕೆಳಮನೆಯ ನಕ್ಷೆ ಮಾತ್ರ. ರಾಜ್ಯ ಸೆನೇಟಿನ ಗಡಿಯನ್ನು ಅದು ಮುಟ್ಟಿಲ್ಲ. ಮಗಳ ಮನೆಯಲ್ಲಿ ಈ ಗೊಂದಲ ಎದ್ದಿದ್ದರೆ ಹೇಳಿಬಿಡಿ.

ಈ ವ್ಯವಸ್ಥೆಯಲ್ಲಿ ನನಗೆ ಇಂದಿಗೂ ಕಸಿವಿಸಿ ತರುವ ಒಂದು ಮೂಲೆಯಿದೆ. ಸೆನೇಟರ್ ಅವಧಿ ನಾಲ್ಕು ವರ್ಷ. ಸಮಸಂಖ್ಯೆಯ ಕ್ಷೇತ್ರಗಳಿಗೆ 2022, 2026 ಹೀಗೆ, ಬೆಸಸಂಖ್ಯೆಯವಕ್ಕೆ 2020, 2024 ಹೀಗೆ ಚುನಾವಣೆ. ಗಡಿ ಬದಲಾದಾಗ ಹಳೆಯ ಸಮಸಂಖ್ಯೆಯ ಕ್ಷೇತ್ರದ ಬೀದಿಯೊಂದು ಹೊಸ ಬೆಸಸಂಖ್ಯೆಗೆ ಬಿತ್ತು ಅನ್ನಿ. ಆ ಬೀದಿಯವರು 2018ರಲ್ಲಿ ಮತ ಹಾಕಿದ ಮೇಲೆ ಮತ್ತೆ ಹಾಕುವುದು 2024ರಲ್ಲಿ. ನಡುವಿನ ಎರಡು ವರ್ಷ ಅವರೇ ಆರಿಸಿದ ಸೆನೇಟರ್ ಇರುವುದೇ ಇಲ್ಲ. ಸೆನೇಟಿನ ನಿಯಮಾವಳಿ ಸಮಿತಿ ಪಕ್ಕದ ಸೆನೇಟರ್ ಒಬ್ಬರಿಗೆ ‘ಅವರನ್ನೂ ನೋಡಿಕೊಳ್ಳಿ’ ಎಂದು ವಹಿಸುತ್ತದೆ. ಇನ್ನು ಕೆಲವು ಬೀದಿಗಳಿಗೆ ತದ್ವಿರುದ್ಧ, ಎರಡೇ ವರ್ಷಕ್ಕೆ ಎರಡನೇ ಮತ. ಕಾನೂನಿನ ಪ್ರಕಾರ ಇದು ತಪ್ಪಲ್ಲ. ಆದರೆ ಹತ್ತು ವರ್ಷಕ್ಕೊಮ್ಮೆ ಲಕ್ಷಾಂತರ ಜನರಿಗೆ ಹೀಗಾಗುತ್ತದೆ, ಮತ್ತು ಅವರಲ್ಲಿ ಹೆಚ್ಚಿನವರಿಗೆ ಅದು ತಿಳಿದೇ ಇರುವುದಿಲ್ಲ. ಫ್ರೀಮಾಂಟ್ ಮೊದಲೂ 10ರಲ್ಲಿತ್ತು, ಈಗಲೂ 10ರಲ್ಲೇ ಇದೆ. ಹಾಗಾಗಿ ನಿಮ್ಮ ಮಗಳ ಬೀದಿಗೆ ಈ ತೊಡಕು ತಟ್ಟಿಲ್ಲ.

ಒಂದೇ ಪಕ್ಷದ ಇಬ್ಬರು ಎದುರುಬದುರಾದದ್ದು ನಿಜ. 2010ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ಪದ್ಧತಿ ಅದು. ಮೊದಲ ಸುತ್ತಿನಲ್ಲಿ ಎಲ್ಲ ಪಕ್ಷಗಳವರೂ ಒಂದೇ ಮತಪತ್ರದಲ್ಲಿ ಇರುತ್ತಾರೆ. ಅತಿ ಹೆಚ್ಚು ಮತ ಪಡೆದ ಇಬ್ಬರು ನವೆಂಬರಿಗೆ ಹೋಗುತ್ತಾರೆ, ಪಕ್ಷ ಯಾವುದಾದರೂ ಆಗಲಿ. 2022ರಲ್ಲಿ 10ನೇ ಕ್ಷೇತ್ರದಲ್ಲಿ ಹೀಗೆ ಉಳಿದವರು ಫ್ರೀಮಾಂಟ್‌ನ ಮೇಯರ್ ಆಗಿದ್ದ ಲಿಲಿ ಮೇ ಮತ್ತು ಹೇವರ್ಡ್ ನಗರದ ಕೌನ್ಸಿಲ್ ಸದಸ್ಯೆ ಆಯಿಷಾ ವಹಾಬ್. ಇಬ್ಬರೂ ಡೆಮಾಕ್ರಟಿಕ್. ಗೆದ್ದ ವಹಾಬ್ ಅಫ್ಘಾನ್ ಮೂಲದವರು, ಆ ರಾಜ್ಯದ ಶಾಸನಸಭೆಗೆ ಬಂದ ಮೊದಲ ಮುಸ್ಲಿಂ ಸದಸ್ಯೆ. ಒಂದು ಪಕ್ಷದ ಬಲವೇ ಹೆಚ್ಚಿರುವ ಕಡೆ ಈ ಪದ್ಧತಿಯಿಂದ ನವೆಂಬರಿನ ಮತಕ್ಕೂ ಅರ್ಥ ಬರುತ್ತದೆ, ಇಲ್ಲದಿದ್ದರೆ ಜೂನ್‌ನಲ್ಲೇ ಎಲ್ಲ ಮುಗಿದುಹೋಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಪಕ್ಷದವರಿಗೆ ಕೊನೆಯ ಸುತ್ತಿನಲ್ಲಿ ತಮ್ಮವರೇ ಇಲ್ಲವೆಂಬ ಬೇಸರವೂ ನ್ಯಾಯವಾದದ್ದೇ.

ಮತ ಹಾಕುವ ಬಗೆಯನ್ನು ನಾನು ಹತ್ತಿರದಿಂದ ನೋಡಿದ್ದು ನನ್ನ ತಂಗಿಯ ಮಗನ ಮನೆಯಲ್ಲಿ. ಅವನು ಪೌರತ್ವ ಪಡೆದವನು. ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕುಳಿತ. ಸೆನೇಟಿನ ಸಾಲಿನಲ್ಲಿ ಎರಡು ಹೆಸರು, ಹೆಸರಿನ ಕೆಳಗೆ ಪಕ್ಷ, ಅದರ ಕೆಳಗೆ ಎರಡು ಮೂರು ಪದಗಳಲ್ಲಿ ಅವರ ಉದ್ಯೋಗ. ಚಿಹ್ನೆ ಇಲ್ಲ, ಕೈಯೂ ಇಲ್ಲ, ಕಮಲವೂ ಇಲ್ಲ. ಅವನು ಪೆನ್ನು ಹಿಡಿದು, ಎಚ್-1ಬಿಯಲ್ಲಿರುವ ಹೆಂಡತಿಯನ್ನು ‘ಲೈಬ್ರರಿ ವಿಷಯದಲ್ಲಿ ಇವರಲ್ಲಿ ಯಾರು ಒಳ್ಳೆಯದು ಮಾಡಿದ್ದರು?’ ಎಂದು ಕೇಳಿದ. ಅವಳು ಹೇಳಿದಳು. ಗುರುತು ಹಾಕಿ, ಲಕೋಟೆಗೆ ಸೇರಿಸಿ, ಹೊರಗೆ ಸಹಿ ಮಾಡಿದ. ಆ ಸಹಿಯನ್ನು ಕಚೇರಿಯಲ್ಲಿರುವ ಸಹಿಯೊಂದಿಗೆ ತಾಳೆ ನೋಡಿದ ಮೇಲೆಯೇ ಮತ ಎಣಿಕೆಗೆ ಹೋಗುವುದು.

ಅದೇ ಮನೆಯಲ್ಲಿ ಇನ್ನೊಂದು ಪ್ರಸಂಗ. ಆ ಸೊಸೆಯ ಕೆಲಸದ ಲೈಸೆನ್ಸ್ ಕಾಗದ ರಾಜ್ಯದ ಒಂದು ಇಲಾಖೆಯಲ್ಲಿ ಐದು ತಿಂಗಳು ಕೊಳೆಯುತ್ತಿತ್ತು. ನಾನೇ ಹೇಳಿದೆ, ಸೆನೇಟರ್‌ನ ಕ್ಷೇತ್ರ ಕಚೇರಿಗೆ ಫೋನ್ ಮಾಡಮ್ಮ ಎಂದು. ‘ನನಗೆ ವೋಟಿಲ್ಲ ದೊಡ್ಡಪ್ಪ, ಅವರು ಯಾಕೆ ಕೇಳ್ತಾರೆ?’ ಎಂದಳು. ಒತ್ತಾಯಕ್ಕೆ ಮಾಡಿದಳು. ಆ ಕಡೆಯ ಹುಡುಗಿ ಕೇಳಿದ್ದು ಮನೆಯ ವಿಳಾಸ, ಅರ್ಜಿಯ ಸಂಖ್ಯೆ, ಮತ್ತು ಅವಳ ಪರವಾಗಿ ಇಲಾಖೆಯನ್ನು ವಿಚಾರಿಸಲು ಸಹಿ ಮಾಡಿದ ಒಂದು ಒಪ್ಪಿಗೆ ಪತ್ರ. ಮತದಾರಳೇ ಎಂದು ಕೇಳಲೇ ಇಲ್ಲ. ಮೂರನೇ ವಾರಕ್ಕೆ ಕಾಗದ ಬಂತು.

ನಿಮ್ಮ ಮಗಳಿಗೂ ಇದನ್ನೇ ಹೇಳಿ. ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ, ನಿರುದ್ಯೋಗ ಭತ್ಯೆ, ವೃತ್ತಿ ಪರವಾನಗಿ ಇಂಥವುಗಳಿಗೆ ರಾಜ್ಯ ಸೆನೇಟರ್ ಅಥವಾ ಅಸೆಂಬ್ಲಿ ಸದಸ್ಯರ ಕಚೇರಿ. ವೀಸಾ, ಗ್ರೀನ್ ಕಾರ್ಡ್, ಪಾಸ್‌ಪೋರ್ಟ್ ಎಲ್ಲ ಕೇಂದ್ರದ್ದು, ಅದಕ್ಕೆ ವಾಷಿಂಗ್ಟನ್ನಿನ ಸದಸ್ಯರ ಕಚೇರಿ. ತಪ್ಪು ಬಾಗಿಲು ತಟ್ಟಿ ತಿಂಗಳುಗಟ್ಟಲೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಕಾಯ್ದೆ ಮಾಡುವಾಗಲೂ ಮತವಿಲ್ಲದವರ ಧ್ವನಿಗೆ ಜಾಗವಿದೆ. 2023ರಲ್ಲಿ ವಹಾಬ್ ಅವರು ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಎಸ್‌ಬಿ 403 ಮಸೂದೆ ತಂದರು. ಬೇಕೆನ್ನುವ ಭಾರತೀಯರೂ ಬೇಡವೆನ್ನುವ ಭಾರತೀಯರೂ ಸ್ಯಾಕ್ರಮೆಂಟೊದ ಸಮಿತಿ ಕೊಠಡಿಯ ಹೊರಗೆ ಸಾಲುಗಟ್ಟಿ ನಿಂತರು. ಒಬ್ಬೊಬ್ಬರೇ ಮೈಕಿನ ಮುಂದೆ ಬಂದು ಹೆಸರು, ಊರು, ಪರವೋ ವಿರೋಧವೋ ಹೇಳಿ ಹೋಗುವುದು ಅಲ್ಲಿಯ ರೂಢಿ. ಅಲ್ಲಿ ಯಾರಿಗೂ ಮತದಾರರ ಪಟ್ಟಿ ತೋರಿಸಬೇಕಿಲ್ಲ. ಸೆನೇಟ್ 34–1ರಿಂದ ಮಸೂದೆ ಒಪ್ಪಿತು, ಅಸೆಂಬ್ಲಿಯೂ ಒಪ್ಪಿತು. ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್, ಈಗಿರುವ ಕಾನೂನೇ ಸಾಕು ಎಂದು ತಡೆದರು. ಜಾತಿಯ ನೋವು ಕಾನೂನಿನಲ್ಲಿ ಹೆಸರು ಹಿಡಿದು ಬರಬೇಕಿತ್ತು ಎಂದು ನಂಬುವವನು ನಾನು. ನಿಮ್ಮ ಮಗಳ ಅಭಿಪ್ರಾಯ ಬೇರೆ ಇರಬಹುದು. ಅವರು ಯಾವ ಕಡೆಗಾದರೂ ಆ ಸಾಲಿನಲ್ಲಿ ನಿಲ್ಲಬಹುದಿತ್ತು ಎಂಬುದಷ್ಟೇ ಇಲ್ಲಿಯ ಮಾತು.

ಇಷ್ಟೆಲ್ಲ ಹೇಳಿ, ಮತ ಇದ್ದರೂ ಇಲ್ಲದಿದ್ದರೂ ಒಂದೇ ಎಂದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಸೆನೇಟರ್ ಹುದ್ದೆ ಉಳಿಸುವುದೂ ಕಳೆಯುವುದೂ ಮತದಾರರೇ. 29ನೇ ಕ್ಷೇತ್ರದ ಜಾಶ್ ನ್ಯೂಮನ್ ಪೆಟ್ರೋಲ್ ತೆರಿಗೆ ಹೆಚ್ಚಳಕ್ಕೆ ಮತ ಹಾಕಿದ್ದಕ್ಕೆ ಮತದಾರರು ಸಹಿ ಸಂಗ್ರಹಿಸಿ, 2018ರ ಜೂನ್‌ನಲ್ಲಿ ಅವಧಿಯ ನಡುವೆಯೇ ಅವರನ್ನು ಕೆಳಗಿಳಿಸಿದರು. ಹಿಂದಿನ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 20ರಷ್ಟು ಸಹಿ ಸಾಕು. 2020ರಲ್ಲಿ ಅದೇ ನ್ಯೂಮನ್‌ರನ್ನು ಮತ್ತೆ ಗೆಲ್ಲಿಸಿದವರೂ ಮತದಾರರೇ. ಈ ಬಲ ನಿಮ್ಮ ಮಗಳ ಕೈಯಲ್ಲಿಲ್ಲ. ವರ್ಷಗಟ್ಟಲೆ ತೆರಿಗೆ ಕಟ್ಟಿ, ಅದೇ ಊರಿನ ಶಾಲೆ, ರಸ್ತೆಗೆ ಹೆಗಲು ಕೊಟ್ಟ ಸಾವಿರಾರು ಕನ್ನಡಿಗರು ಗ್ರೀನ್ ಕಾರ್ಡಿನ ಸಾಲಿನಲ್ಲೇ ಪ್ರಾಯ ಕಳೆಯುತ್ತಿದ್ದಾರೆ. ಲೆಕ್ಕಕ್ಕೆ ಇದ್ದೂ ಮತಕ್ಕೆ ಇಲ್ಲದ ಈ ಸ್ಥಿತಿ ನನಗೆ ನೋವು ಕೊಡುತ್ತದೆ.

ಆದ್ದರಿಂದಲೇ ಒಂದೆರಡು ಎಚ್ಚರಿಕೆ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯ ಜೊತೆಗೇ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಅಲ್ಲಿ ಅವಸರದಲ್ಲಿ ‘ಪೌರ’ ಎಂದು ಒತ್ತಬಾರದು. ತಪ್ಪಿ ನೋಂದಣಿಯಾಗಿ, ತಿಳಿಯದೆ ಮತವನ್ನೂ ಹಾಕಿಬಿಟ್ಟರೆ ಮುಂದೆ ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ಕುತ್ತು. ಅಭ್ಯರ್ಥಿಗಳಿಗೆ ಹಣ ಕೊಡುವಂತೆಯೂ ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು, ವೀಸಾದಲ್ಲಿರುವಾಗ ಒಂದು ಡಾಲರ್ ಕೂಡ ಕೂಡದು. ಸಂಬಳ ಪಡೆಯದೆ ಪ್ರಚಾರದಲ್ಲಿ ಕೈಜೋಡಿಸಲು, ಸಭೆಗೆ ಹೋಗಲು, ಪತ್ರ ಬರೆಯಲು ಯಾವ ಅಡ್ಡಿಯೂ ಇಲ್ಲ.

ಇನ್ನು ಮೊಮ್ಮಗ. ಅಲ್ಲೇ ಹುಟ್ಟಿದ್ದರಿಂದ ಅವನು ಹುಟ್ಟಿನಿಂದಲೇ ಪೌರ. ಕ್ಯಾಲಿಫೋರ್ನಿಯಾದಲ್ಲಿ 16 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಹೆಸರು ಕೊಡಬಹುದು, 18 ತುಂಬಿದ ದಿನ ಅದು ತಾನಾಗಿಯೇ ಜಾರಿಗೆ ಬರುತ್ತದೆ. ಅಪ್ಪ ಅಮ್ಮನಿಗೆ ಪೌರತ್ವ ಬರುವ ಮೊದಲೇ ಅವನ ಹೆಸರಿಗೆ ಮತಪತ್ರದ ಲಕೋಟೆ ಮನೆಗೆ ಬಂದರೂ ಬರಬಹುದು. ಅದಕ್ಕೆ ಮುಂಚೆ, ನೀವು ಮುಂದಿನ ಸಲ ಅಲ್ಲಿಗೆ ಹೋದಾಗ ಅವನನ್ನು ಕರೆದುಕೊಂಡು ಸ್ಯಾಕ್ರಮೆಂಟೊಗೆ ಹೋಗಿ ಬನ್ನಿ. ಫ್ರೀಮಾಂಟ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಅಧಿವೇಶನ ನಡೆಯುವ ದಿನ ಸೆನೇಟಿನ ಗ್ಯಾಲರಿಯಲ್ಲಿ ಯಾರು ಬೇಕಾದರೂ ಕುಳಿತು ನೋಡಬಹುದು. ಪ್ರವಾಸಿ ವೀಸಾದಲ್ಲಿ ಹೋಗಿರುವ ಅಜ್ಜಿಯೂ.